ಬ್ಯಾಸ್ಕೆಟ್‌ಬಾಲ್‌ನಲ್ಲಿ ಜೋಡಿ ಕಟ್ಟುವುದು, ಜೋಡಿ ಮುರಿಯುವುದು

ಮೈಸೂರಿನ ಕಾಲೇಜು ಅಂಕಣಗಳಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ನಾನು ಸ್ಕೋರರ್ ಆಗಿ ಕೂರುತ್ತೇನೆ. ನಮ್ಮ ಮೇಜು ಎರಡೂ ತಂಡಗಳ ಬೆಂಚುಗಳ ನಡುವೆ ಇರುತ್ತದೆ. ಬೆಂಚಿನಲ್ಲಿ ಕುಳಿತ ಆಟಗಾರ್ತಿ ಒಳಗೆ ಹೋಗಬೇಕಾದರೆ ಆಕೆಯೇ ಎದ್ದು ಬಂದು ಮೇಜಿನ ಬಳಿ ಕೇಳಿಕೊಳ್ಳಬೇಕು. ತರಬೇತುದಾರರು ದೂರದಿಂದ ಕೂಗಿ ಹೇಳಿದರೆ ನಡೆಯದು, ನಿಯಮವೇ ಹಾಗಿದೆ. ಆಟ ನಿಂತು ಗಡಿಯಾರವೂ ನಿಂತಾಗ ಬಜರ್ ಸದ್ದು ಮಾಡುತ್ತದೆ, ರೆಫರಿ ಕೈಸನ್ನೆ ಮಾಡುತ್ತಾರೆ, ಒಬ್ಬಳು ಒಳಗೆ, ಒಬ್ಬಳು ಹೊರಗೆ. ಇಷ್ಟಕ್ಕೆಲ್ಲ ಹತ್ತು ಸೆಕೆಂಡೂ ಹಿಡಿಯುವುದಿಲ್ಲ.

ಒಂದು ಸಂಜೆ ಹೀಗೆ ಹೊರಗೆ ಬಂದ ಹುಡುಗಿಯ ತಾಯಿ ಮೆಟ್ಟಿಲಿಳಿದು ನೇರವಾಗಿ ನಮ್ಮ ಮೇಜಿಗೇ ಬಂದರು. "ಸರ್, ನಮ್ಮ ಹುಡುಗಿ ಏನು ತಪ್ಪು ಮಾಡಿದಳು?" ಎಂದು ಕೇಳಿದರು. ಹುಡುಗಿ ಆರು ಅಂಕ ಗಳಿಸಿದ್ದಳು, ಒಂದೂ ಫೌಲ್ ಮಾಡಿರಲಿಲ್ಲ. ಆದರೂ ಅವಳನ್ನು ಕೂರಿಸಿ, ಅವಳಿಗಿಂತ ನಾಲ್ಕು ಅಂಗುಲ ಗಿಡ್ಡಗಿದ್ದವಳನ್ನು ಇಳಿಸಿದ್ದರು. "ತಪ್ಪೇನೂ ಇಲ್ಲ ಅಮ್ಮಾ, ಪಂದ್ಯ ಮುಗಿದ ಮೇಲೆ ಹೇಳುತ್ತೇನೆ" ಎಂದೆ. ಪಂದ್ಯ ಮುಗಿಯುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ಆ ತಾಯಿಗೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ಅವರ ಪ್ರಶ್ನೆ ನಮ್ಮ ಊರಿನ ಬಹುಪಾಲು ಪ್ರೇಕ್ಷಕರ ಪ್ರಶ್ನೆ. ಆಟಗಾರರನ್ನು ಬದಲಾಯಿಸುವುದೆಂದರೆ ಒಂದೋ ಶಿಕ್ಷೆ, ಇಲ್ಲವೇ ವಿಶ್ರಾಂತಿ ಎಂದು ನಾವು ತಿಳಿದುಬಿಟ್ಟಿದ್ದೇವೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಬಹಳ ಸಲ ಎರಡೂ ಅಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಮೈಸೂರಿನವರಿಗೆ ಒಂದು ಅನುಕೂಲವಿದೆ. ದಸರಾ ಕುಸ್ತಿಗೆ ಮುನ್ನ ಇಲ್ಲಿ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಗರಡಿಗಳಿಂದ ಬಂದ ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ ಹಿರಿಯರು ಯಾರಿಗೆ ಯಾರು ಎಂದು ನಿರ್ಧರಿಸುತ್ತಾರೆ. ಸರಿಸಮ ಜೋಡಿ ಕಟ್ಟಿದರೆ ಕುಸ್ತಿ ಚೆನ್ನ. ಏರುಪೇರಾದ ಜೋಡಿ ಕಟ್ಟಿದರೆ ನೋಡುವವರಿಗೇ ಬೇಸರ. ಒಮ್ಮೆ ಕಟ್ಟಿದ ಮೇಲೆ ಮಟ್ಟಿಯ ಮೇಲೆ ಅದನ್ನು ಬದಲಾಯಿಸುವಂತಿಲ್ಲ. ನೂರು ಕಿಲೋ ತೂಕದವನ ಎದುರು ಸಿಕ್ಕಿಬಿದ್ದೆ ಎಂದು ನಡುವೆ ತಮ್ಮನನ್ನು ಕರೆಯುವ ಹಾಗಿಲ್ಲ.

ಬ್ಯಾಸ್ಕೆಟ್‌ಬಾಲ್ ಕೂಡ ಜೋಡಿಗಳ ಆಟವೇ. ಐವರ ಎದುರು ಐವರು. ಪ್ರತಿಯೊಬ್ಬರಿಗೂ ತಾನು ಕಾಯಬೇಕಾದ ಒಬ್ಬ ಎದುರಾಳಿ. ಆದರೆ ಇಲ್ಲಿ ಜೋಡಿ ಕಟ್ಟುವ ಹಿರಿಯರು ಯಾರೂ ಇಲ್ಲ. ಎರಡೂ ಕಡೆಯ ತರಬೇತುದಾರರು ತಮಗೆ ಬೇಕಾದಂತೆ ಕಟ್ಟಲು, ಎದುರಿನವರು ಕಟ್ಟಿದ್ದನ್ನು ಮುರಿಯಲು ನಲವತ್ತು ನಿಮಿಷವೂ ಹೆಣಗುತ್ತಾರೆ. ಸರಿಸಮ ಜೋಡಿ ಯಾರಿಗೂ ಬೇಕಾಗಿಲ್ಲ. ಎಲ್ಲೋ ಒಂದು ಕಡೆ ಏರುಪೇರಾದ ಜೋಡಿ ಹುಟ್ಟಬೇಕು, ಅದು ತನ್ನ ಪರವಾಗಿರಬೇಕು, ಚೆಂಡು ಅಲ್ಲಿಗೆ ತಲುಪಬೇಕು. ಇದನ್ನೇ ತರಬೇತುದಾರರು ಮಿಸ್‌ಮ್ಯಾಚ್ ಎನ್ನುತ್ತಾರೆ.

ಲೆಕ್ಕ ಹಾಕಿದರೆ ಈ ಹೆಣಗಾಟದ ಅಗಾಧತೆ ಗೊತ್ತಾಗುತ್ತದೆ. ತಂಡದ 12 ಆಟಗಾರರಿಂದ ಐವರನ್ನು ಆರಿಸಲು 792 ದಾರಿಗಳಿವೆ. ಆರಿಸಿದ ಐವರನ್ನು ಎದುರಿನ ಐವರಿಗೆ ಜೋಡಿಸಲು ಮತ್ತೆ 120 ದಾರಿ. ಬದಲಾವಣೆಗಳಿಗೆ ಮಿತಿಯಿಲ್ಲ, ಹೊರಗೆ ಹೋದವರು ಐದು ಫೌಲ್ ಆಗದಿದ್ದರೆ ಎಷ್ಟು ಸಲ ಬೇಕಾದರೂ ಮರಳಿ ಬರಬಹುದು. ಫುಟ್‌ಬಾಲ್‌ನಲ್ಲಿ ಹೊರಗೆ ಹೋದವನು ಆ ಪಂದ್ಯಕ್ಕೆ ಮುಗಿದಂತೆ. ಇಲ್ಲಿ ಬೆಂಚು ಎಂಬುದು ಆಟದ ಹೊರಗಿಲ್ಲ, ಆಟದ ಒಳಗೇ ಇದೆ.

ಒಂದು ಪಂದ್ಯವನ್ನು ಊಹಿಸಿಕೊಳ್ಳೋಣ. ಮೈಸೂರಿನ ಒಂದು ಮಹಿಳಾ ಕಾಲೇಜು ತಂಡ, ಮಂಡ್ಯದಿಂದ ಬಂದ ಇನ್ನೊಂದು ತಂಡ. ಮಂಡ್ಯದ 15ನೇ ನಂಬರಿನ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ್ತಿ, 6 ಅಡಿ 1 ಅಂಗುಲದ ಹುಡುಗಿ. ನಮ್ಮ ಕಡೆಯ ಕಾಲೇಜು ಆಟದಲ್ಲಿ ಆ ಎತ್ತರ ಅಪರೂಪ. ಮೈಸೂರಿನ ಸೆಂಟರ್ 14ನೇ ನಂಬರಿನವಳು, 5 ಅಡಿ 9 ಅಂಗುಲ. ಮೈಸೂರಿನ ಬಲವಿರುವುದು 7ನೇ ನಂಬರಿನ ಹುಡುಗಿಯ ದೂರದ ಗುರಿಯಲ್ಲಿ.

ಮೊದಲ ಐದು ನಿಮಿಷ ಮಂಡ್ಯದವರು ಬೇರೆ ಏನನ್ನೂ ಮಾಡುವುದಿಲ್ಲ. 15ನೇ ನಂಬರಿನವಳು ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಕೈ ಎತ್ತುತ್ತಾಳೆ, ಚೆಂಡು ಬರುತ್ತದೆ, ತಿರುಗಿ ಹಾಕುತ್ತಾಳೆ. ಮೈಸೂರಿನ 14ನೇ ನಂಬರಿನವಳು ತನ್ನಿಂದಾದಷ್ಟು ತಡೆಯುತ್ತಾಳೆ. ಆದರೆ 4 ಅಂಗುಲದ ಅಂತರವನ್ನು ಶ್ರದ್ಧೆಯಿಂದ ತುಂಬಲಾಗುವುದಿಲ್ಲ. ಅಂಕ 12-6.

ಮೈಸೂರಿನ ತರಬೇತುದಾರರ ಮುಂದೆ ಈಗ ಮೂರು ದಾರಿ. ಬೆಂಚಿನಲ್ಲಿರುವ ಇನ್ನೊಬ್ಬ ದಪ್ಪ ಮೈಕಟ್ಟಿನ ಹುಡುಗಿಯನ್ನು ಇಳಿಸಿ ನೂಕಾಟಕ್ಕೆ ನೂಕಾಟ ಕೊಡುವುದು. ಅಥವಾ ಚೆಂಡು ಸಿಕ್ಕ ಕೂಡಲೇ ಇಬ್ಬರು ಮುತ್ತುವುದು. ಆಗ ಮಂಡ್ಯದ ಬೇರೊಬ್ಬಳು ಖಾಲಿ ಸಿಗುತ್ತಾಳೆ. ಅವರು ಮೂರನೆಯದನ್ನು ಆರಿಸುತ್ತಾರೆ. 14ನೇ ನಂಬರಿನವಳನ್ನು ಹೊರಗೆ ಕರೆದು, ಮೂರು ಅಂಕದ ಗೆರೆಯಿಂದ ಎಸೆಯಬಲ್ಲ 9ನೇ ನಂಬರಿನ ಹುಡುಗಿಯನ್ನು ಕಳುಹಿಸುತ್ತಾರೆ. ಎತ್ತರ 5 ಅಡಿ 5 ಅಂಗುಲ.

ಗಿಡ್ಡ ತಂಡ ಇನ್ನಷ್ಟು ಗಿಡ್ಡವಾಯಿತು. ಮೆಟ್ಟಿಲ ಮೇಲೆ ಕುಳಿತವರು ತಲೆ ಚಚ್ಚಿಕೊಳ್ಳುವುದು ಸಹಜ. ಆದರೆ ಅವರು ನೋಡುತ್ತಿರುವುದು ಅಂಕಣದ ಅರ್ಧವನ್ನು ಮಾತ್ರ. ಇನ್ನೊಂದು ಅರ್ಧದಲ್ಲಿ, ಮೈಸೂರಿನವರ ಕೈಗೆ ಚೆಂಡು ಬಂದಾಗ, 15ನೇ ನಂಬರಿನವಳು ಯಾರನ್ನು ಕಾಯಬೇಕು? ಈಗ ಮೈಸೂರಿನ ಐವರೂ ದೂರದಿಂದ ಎಸೆಯಬಲ್ಲವರು. ಅವಳು ಯಾರನ್ನು ಕಾದರೂ ರಿಂಗ್‌ನಿಂದ 6.75 ಮೀಟರ್ ದೂರದ ಗೆರೆಯವರೆಗೆ ಬರಲೇಬೇಕು. ಬರದೆ ರಿಂಗ್ ಕೆಳಗೇ ನಿಂತರೆ ಅಲ್ಲೊಬ್ಬಳು ಖಾಲಿ ನಿಂತು ಗುರಿಯಿಡುತ್ತಾಳೆ. ಬಂದರೆ ರಿಂಗ್ ಕೆಳಗಿನ ಜಾಗ ಬರಿದಾಗಿ, ಚೆಂಡನ್ನು ನೆಲಕ್ಕೆ ಪುಟಿಸುತ್ತ (ಡ್ರಿಬಲ್) ನುಗ್ಗುವವರಿಗೆ ಹೆದ್ದಾರಿಯೇ ತೆರೆಯುತ್ತದೆ. ಅವಳ ಎತ್ತರವೆಂಬ ಆಸ್ತಿ ಅಲ್ಲಿ ಅವಳ ಕಾಲಿಗೇ ಭಾರವಾಗುತ್ತದೆ.

ಇದರ ಹಿಂದೆ ಸರಳ ಗಣಿತವಿದೆ. 15ನೇ ನಂಬರಿನವಳು ಹತ್ತರಲ್ಲಿ ಐದು ಸಲ ಬುಟ್ಟಿಗೆ ಹಾಕಿದರೆ ಹತ್ತು ಪ್ರಯತ್ನಕ್ಕೆ 10 ಅಂಕ. ಮೈಸೂರಿನವರು ಮೂರು ಅಂಕದ ಎಸೆತದಲ್ಲಿ ಹತ್ತಕ್ಕೆ ನಾಲ್ಕು ಹಾಕಿದರೆ 12. ನಾಲ್ಕು ತುಂಬಾ ಆಸೆಯಾಯಿತು, ಮೂರೇ ಎನ್ನಿ: 9. ಒಂದು ಅಂಕದ ನಷ್ಟ. ಆದರೆ ಎತ್ತರದ ಹುಡುಗಿ ಪ್ರತಿ ಸಲವೂ ಗೆರೆಯವರೆಗೆ ಓಡಿಬಂದು ಮರಳುವಾಗ ಸುರಿಸುವ ಬೆವರು ಈ ಲೆಕ್ಕದಲ್ಲಿಲ್ಲ. ಇನ್ನೊಂದು ವಿಷಯವೂ ಇಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ. ಐವರು ಚುರುಕಿನವರು ಅಂಕಣದಲ್ಲಿದ್ದರೆ ಅವರು 15ನೇ ನಂಬರಿನವಳನ್ನು ತಡೆಯುವ ಗೋಜಿಗೇ ಹೋಗಬೇಕಾಗಿಲ್ಲ. ಅವಳಿಗೆ ಚೆಂಡು ಕೊಡುವವಳನ್ನು ತಡೆದರೆ ಸಾಕು. ಎದೆಗೆ ಎದೆ ಕೊಟ್ಟು ನಿಂತವಳನ್ನು ದಾಟಿ ಒಳಗೆ ಪಾಸ್ ಹಾಕುವುದು ಕಷ್ಟ. 24 ಸೆಕೆಂಡಿನೊಳಗೆ ಎಸೆಯದಿದ್ದರೆ ಚೆಂಡೇ ಹೋಯಿತು. ಎತ್ತರದವಳನ್ನು ಸೋಲಿಸಲು ಎತ್ತರವೇ ಬೇಕೆಂಬ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ.

ಆ ಸಂಜೆ ಬೆಂಚಿಗೆ ಬಂದ ಹುಡುಗಿಯ ತಾಯಿಗೆ ಹೇಳಬೇಕಾಗಿದ್ದುದು ಇದೇ. ಅವಳ ಆಟದಲ್ಲಿ ದೋಷವಿರಲಿಲ್ಲ. ಅವಳು ಅಂಕಣದಲ್ಲಿ ಇರುವವರೆಗೆ ಎದುರಿನ ಸೆಂಟರ್‌ಗೆ ರಿಂಗ್ ಕೆಳಗೆ ನಿಲ್ಲಲು ಒಂದು ನೆಪ ಸಿಗುತ್ತಿತ್ತು. ಆ ನೆಪವನ್ನು ತೆಗೆದುಹಾಕಿದರು, ಅಷ್ಟೇ.

ಈ ನಡೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯದು. 2015ರ ಅಂತಿಮ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಎದುರು 1-2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯಕ್ಕೆ ತರಬೇತುದಾರ ಸ್ಟೀವ್ ಕೆರ್ ತಮ್ಮ 7 ಅಡಿಯ ಸೆಂಟರ್ ಆಂಡ್ರ್ಯೂ ಬೋಗಟ್‌ರನ್ನು ಬೆಂಚಿನಲ್ಲಿ ಕೂರಿಸಿ, 6 ಅಡಿ 6 ಅಂಗುಲದ ಆಂಡ್ರೆ ಇಗ್ವಡಾಲಾರನ್ನು ಆರಂಭದಿಂದಲೇ ಆಡಿಸಿದರು. ಆ ಋತುವಿನ ಲೀಗ್ ಹಂತದಲ್ಲಿ ಇಗ್ವಡಾಲಾ ಒಂದು ಪಂದ್ಯದಲ್ಲೂ ಆರಂಭದ ಐವರಲ್ಲಿ ಇರಲಿಲ್ಲ. ಈ ಸಲಹೆ ಕೊಟ್ಟದ್ದು ಹೆಸರಾಂತ ಯಾರೋ ಅಲ್ಲ, ನಿಕ್ ಯುರೆನ್ ಎಂಬ ಯುವ ಸಹಾಯಕ. ಪಂದ್ಯಕ್ಕೆ ಮುನ್ನ ಪತ್ರಕರ್ತರು ಕೇಳಿದಾಗ ಕೆರ್ ಬದಲಾವಣೆಯ ಸುಳಿವು ಬಿಟ್ಟುಕೊಡಲಿಲ್ಲ. ಎದುರಾಳಿಗೆ ತಯಾರಾಗಲು ಒಂದು ಗಂಟೆ ಸಿಕ್ಕರೂ ಹೆಚ್ಚೆಂದು ಅವರಿಗೆ ಗೊತ್ತಿತ್ತು.

ಪಂದ್ಯ ಆರಂಭವಾದಾಗ ಕ್ಯಾವಲಿಯರ್ಸ್ 7-0 ಮುನ್ನಡೆ ಪಡೆಯಿತು. ಅಲ್ಲಿಗೆ ಧೈರ್ಯ ಕಳೆದುಕೊಂಡು ಬೋಗಟ್‌ರನ್ನು ಮರಳಿ ಕರೆಯಬಹುದಿತ್ತು. ಕೆರ್ ಕರೆಯಲಿಲ್ಲ. ಕೊನೆಯ ಅಂಕ 103-82, ವಾರಿಯರ್ಸ್‌ಗೆ ಗೆಲುವು. ನನಗೆ ಈ ಪಂದ್ಯದಲ್ಲಿ ಅತ್ಯಂತ ಪ್ರಿಯವಾದ ಸಂಖ್ಯೆ ಬೇರೆಯೇ ಇದೆ. ಕ್ಯಾವಲಿಯರ್ಸ್‌ನ ಎತ್ತರದ ಸೆಂಟರ್ ಟಿಮೊಫೆ ಮಾಜ್ಗೊವ್ ಆ ದಿನ 28 ಅಂಕ ಗಳಿಸಿದರು. ಅಂದರೆ ಚಿಕ್ಕವರನ್ನು ಇಳಿಸಿದ್ದಕ್ಕೆ ತೆರಬೇಕಾದ ಬೆಲೆಯನ್ನು ವಾರಿಯರ್ಸ್ ಪೂರ್ತಿ ತೆತ್ತಿತು, ತೆತ್ತೂ 21 ಅಂಕಗಳಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ಆದದ್ದು ಇನ್ನೂ ಸೋಜಿಗ: 28 ಅಂಕ ಗಳಿಸಿದ ಅದೇ ಮಾಜ್ಗೊವ್‌ರನ್ನು ಅವರ ತರಬೇತುದಾರ ಡೇವಿಡ್ ಬ್ಲಾಟ್ ಕೇವಲ 9 ನಿಮಿಷ ಆಡಿಸಿದರು. ಎದುರಿನವರು ಚಿಕ್ಕವರಾದರು ಎಂದು ತಾವೂ ಚಿಕ್ಕವರಾದರು. ವಾರಿಯರ್ಸ್ 104-91ರಿಂದ ಗೆದ್ದು, ಆರನೇ ಪಂದ್ಯದಲ್ಲಿ ಪ್ರಶಸ್ತಿಯನ್ನೂ ಪಡೆಯಿತು. ಸರಣಿಯ ಶ್ರೇಷ್ಠ ಆಟಗಾರ ಇಗ್ವಡಾಲಾ.

ಎದುರಿನ ಬೆಂಚಿನಲ್ಲಿ ಯಾರು ಕೂರಬೇಕು ಎಂಬುದನ್ನು ನಾನು ತೀರ್ಮಾನಿಸುವಂತಾದರೆ ಅರ್ಧ ಪಂದ್ಯ ಗೆದ್ದ ಹಾಗೆ. ಬ್ಲಾಟ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ; ಮಾಜ್ಗೊವ್ ಇದ್ದಾಗಲೂ ಅವರು 21 ಅಂಕಗಳಿಂದ ಸೋತಿದ್ದರಲ್ಲ. ಆದರೆ ಎದುರಾಳಿ ತೆರೆದ ಬಾಗಿಲಿನಿಂದಲೇ ಹೋಗುವುದಕ್ಕೂ ನಮ್ಮದೇ ಬಾಗಿಲು ಹುಡುಕುವುದಕ್ಕೂ ವ್ಯತ್ಯಾಸವಿದೆ.

ನಮ್ಮ ಊಹೆಯ ಪಂದ್ಯದಲ್ಲಿ ಮಂಡ್ಯದವರು ತಮ್ಮದೇ ಬಾಗಿಲು ಹುಡುಕಲಿ. ಅವರ ತರಬೇತುದಾರರು 15ನೇ ನಂಬರಿನವಳನ್ನು ಹೊರಗೆ ಕರೆಯುವುದಿಲ್ಲ. ಬದಲಿಗೆ ಜೋಡಿಗಳನ್ನೇ ಬಿಚ್ಚಿಹಾಕುತ್ತಾರೆ. ಯಾರೂ ಯಾರನ್ನೂ ಕಾಯಬೇಡಿ, ಜಾಗವನ್ನು ಕಾಯಿರಿ ಎನ್ನುತ್ತಾರೆ. ಮುಂದೆ ಇಬ್ಬರು, ಹಿಂದೆ ಮೂವರು, ಆ ಮೂವರ ನಡುವೆ ರಿಂಗ್ ಕೆಳಗೆ ಎತ್ತರದ ಹುಡುಗಿ. ಇದು 2-3 ಝೋನ್. ಈಗ ಅವಳು ಗೆರೆಯವರೆಗೆ ಓಡಬೇಕಾಗಿಲ್ಲ.

ಟಿವಿಯಲ್ಲಿ ಎನ್‌ಬಿಎ ನೋಡಿ ಬೆಳೆದ ಹುಡುಗರು ಇಲ್ಲಿ ಎಡವುತ್ತಾರೆ. ಎನ್‌ಬಿಎಯಲ್ಲಿ ರಕ್ಷಣೆಯವನು ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಮುಂದಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಮ್ಮಲ್ಲಿ ನಡೆಯುವ ಪಂದ್ಯಗಳು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಂತೆ ನಡೆಯುತ್ತವೆ. ಅಲ್ಲಿ ಮೂರು ಸೆಕೆಂಡಿನ ನಿರ್ಬಂಧ ದಾಳಿ ಮಾಡುವವರಿಗೆ ಮಾತ್ರ. ಮಂಡ್ಯದ ಹುಡುಗಿ ಇಡೀ ಸಂಜೆ ಅಲ್ಲೇ ನಿಲ್ಲಬಹುದು. ಅದಕ್ಕಾಗಿ ಅಮೆರಿಕದಲ್ಲಿ ಫಲ ಕೊಟ್ಟ ಉಪಾಯವನ್ನು ಹಾಗೆಯೇ ಇಲ್ಲಿ ನೆಟ್ಟರೆ ಬೇರು ಬಿಡುವುದಿಲ್ಲ.

ಝೋನ್‌ಗೆ ಒಂದು ತೂತಿದೆ. ಮುಂದಿನ ಇಬ್ಬರಿಗೂ ಹಿಂದಿನ ಮೂವರಿಗೂ ನಡುವೆ, ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಅವಕಾಶ) ಗೆರೆಯ ಹತ್ತಿರ, ಯಾರಿಗೂ ಸೇರದ ಜಾಗ. ಅಲ್ಲಿ ಒಬ್ಬಳು ಚೆಂಡು ಪಡೆದು ತಿರುಗಿದರೆ ಇಡೀ ರಕ್ಷಣೆ ಅವಳತ್ತ ಕುಸಿಯುತ್ತದೆ, ಮೂಲೆಗಳು ತೆರೆಯುತ್ತವೆ. ಮೈಸೂರಿಗೆ ಈಗ ಬೇಕಾಗಿರುವುದು ಇನ್ನೊಬ್ಬ ಗುರಿಕಾರ್ತಿ ಅಲ್ಲ. ಆ ಬಿಗಿಯಾದ ಜಾಗದಲ್ಲಿ ಗಾಬರಿಯಾಗದೆ ಸರಿಯಾದ ಕಡೆಗೆ ಪಾಸ್ ಕೊಡುವವಳು ಬೇಕು. ಬೆಂಚಿನ ಕೊನೆಯಲ್ಲಿ 11ನೇ ನಂಬರಿನ ಹುಡುಗಿ ಕುಳಿತಿದ್ದಾಳೆ ಎಂದಿಟ್ಟುಕೊಳ್ಳಿ. ಓಟ ಸಾಧಾರಣ, ಎಸೆತ ಸಾಧಾರಣ, ಕಣ್ಣು ಮಾತ್ರ ಅಸಾಧಾರಣ. ಬೇರೆ ದಿನ ಅವಳು ಮೂರು ನಿಮಿಷ ಆಡಿದರೆ ಹೆಚ್ಚು. ಈ ಹದಿನೈದು ನಿಮಿಷಕ್ಕೆ ಅವಳಷ್ಟು ಬೆಲೆಯವರು ತಂಡದಲ್ಲಿ ಇನ್ನೊಬ್ಬರಿಲ್ಲ. ಯಾರು ಒಳ್ಳೆಯ ಆಟಗಾರ್ತಿ ಎಂದು ಬರಿದೇ ಕೇಳಿದರೆ ಉತ್ತರ ಸಿಗದು. ಯಾರ ಎದುರು, ಯಾರ ಜೊತೆ, ಯಾವ ರಕ್ಷಣೆಯ ಮುಂದೆ ಎಂದು ಕೇಳಬೇಕು. ಇಂಥ ಹುಡುಗಿಯರನ್ನು ಅಭ್ಯಾಸದಲ್ಲಿ ಗುರುತಿಸಿ ಉಳಿಸಿಕೊಳ್ಳುವ ತರಬೇತುದಾರರನ್ನು ಕಂಡರೆ ನನಗೆ ಬಹಳ ಗೌರವ.

ಜೋಡಿ ಮತ್ತು ಝೋನ್ ಎರಡನ್ನೂ ಬೆರೆಸಿದ ಇನ್ನೊಂದು ರಕ್ಷಣೆಯೂ ಇದೆ. ನಾಲ್ವರು ಚೌಕವಾಗಿ ನಿಂತು ಜಾಗ ಕಾಯುತ್ತಾರೆ. ಒಬ್ಬ ಮಾತ್ರ ಎದುರಿನ ಅತಿ ಅಪಾಯದ ಆಟಗಾರನನ್ನು ನೆರಳಿನಂತೆ ಹಿಂಬಾಲಿಸುತ್ತಾನೆ. ಬಾಕ್ಸ್ ಆ್ಯಂಡ್ ಒನ್ ಎನ್ನುತ್ತಾರೆ. ಇದು ಶಾಲಾ ಮಕ್ಕಳ ತಂತ್ರವೆಂದು ದೊಡ್ಡವರು ಮೂಗು ಮುರಿಯುತ್ತಿದ್ದರು. 2019ರ ಎನ್‌ಬಿಎ ಅಂತಿಮ ಸರಣಿಯ ಎರಡನೇ ಪಂದ್ಯದಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತರಬೇತುದಾರ ನಿಕ್ ನರ್ಸ್ ಇದನ್ನೇ ವಾರಿಯರ್ಸ್‌ನ ಗುರಿಕಾರ ಸ್ಟೀಫನ್ ಕರ‍್ರಿ ಮೇಲೆ ಪ್ರಯೋಗಿಸಿದರು. ವಾರಿಯರ್ಸ್‌ನ ಇನ್ನೊಬ್ಬ ಗುರಿಕಾರ ಕ್ಲೇ ಥಾಂಪ್ಸನ್ ಗಾಯಗೊಂಡು ಹೊರಗೆ ಹೋಗಿದ್ದರು, ಕೆವಿನ್ ಡ್ಯುರಾಂಟ್ ಮೊದಲೇ ಇರಲಿಲ್ಲ. ಉಳಿದವರು ಎಸೆದರೆ ಎಸೆಯಲಿ ಎಂಬ ಲೆಕ್ಕ. ಕೊನೆಯ ಹಂತದಲ್ಲಿ ವಾರಿಯರ್ಸ್ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಅಂಕ ಗಳಿಸಲಿಲ್ಲ. ಆಮೇಲೆ ಎಲ್ಲರೂ ಬಿಟ್ಟುಕೊಟ್ಟಿದ್ದ ಒಬ್ಬ ಮೂರು ಅಂಕದ ಎಸೆತ ಹಾಕಿ 109-104ರ ಗೆಲುವನ್ನು ಭದ್ರಪಡಿಸಿದರು. ಆತ ಅದೇ ಇಗ್ವಡಾಲಾ. ರಕ್ಷಣೆಯೆಂದರೆ ಕೊನೆಗೂ ಯಾರನ್ನು ಬಿಟ್ಟುಕೊಡುವುದು ಎಂಬ ಆಯ್ಕೆ. ಎಲ್ಲರನ್ನೂ ಕಾಯುವ ರಕ್ಷಣೆ ಇನ್ನೂ ಹುಟ್ಟಿಲ್ಲ.

ಇಷ್ಟು ಹೊತ್ತು ಬಜರ್ ಒತ್ತಿ ಮಾಡುವ ಬದಲಾವಣೆಗಳ ಮಾತಾಯಿತು. ಚೆಂಡು ಆಟದಲ್ಲಿರುವಾಗ ಬಜರ್ ಒತ್ತುವಂತಿಲ್ಲ. ಆಗ ಜೋಡಿ ಮುರಿಯುವ ಉಪಕರಣ ಸ್ಕ್ರೀನ್. ಚೆಂಡು ಹಿಡಿದವಳನ್ನು ಕಾಯುತ್ತಿರುವ ಎದುರಾಳಿಯ ದಾರಿಗೆ ಅಡ್ಡವಾಗಿ ತಂಡದ ಇನ್ನೊಬ್ಬಳು ಕಂಬದಂತೆ ನಿಲ್ಲುತ್ತಾಳೆ. ಕಾಯುವವಳಿಗೆ ಈಗ ಕಂಬದ ಮುಂದಿನಿಂದ ಹೋಗಲೇ, ಹಿಂದಿನಿಂದ ಹೋಗಲೇ ಎಂಬ ಸಂದಿಗ್ಧ. ಮುಂದಿನಿಂದ ಹೋದರೆ ಒಂದು ಹೆಜ್ಜೆ ತಡವಾಗಿ ಎದುರಾಳಿ ರಿಂಗ್ ಕಡೆ ನುಗ್ಗುತ್ತಾಳೆ. ಹಿಂದಿನಿಂದ ಹೋದರೆ ಅವಳು ನಿಂತಲ್ಲಿಂದಲೇ ಎಸೆಯುತ್ತಾಳೆ. ಮೂರನೆಯ ದಾರಿ, ಕಾಯುವ ಇಬ್ಬರೂ ತಮ್ಮ ತಮ್ಮ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದು. ಇದು ಸ್ವಿಚ್. ಅದಲುಬದಲಾದ ಆ ಕ್ಷಣದಲ್ಲಿ ದಾಳಿ ಮಾಡುವವರು ಬಯಸಿದ ಏರುಪೇರಿನ ಜೋಡಿ ಹುಟ್ಟುತ್ತದೆ: ಎತ್ತರದ, ನಿಧಾನದ ಹುಡುಗಿಯ ಮುಂದೆ ಚೆಂಡು ಹಿಡಿದ ಚುರುಕಿನವಳು.

ಚತುರ ತಂಡಗಳು ಸ್ಕ್ರೀನ್ ಹಾಕಲು ಯಾರನ್ನು ಕಳುಹಿಸಬೇಕೆಂದು ಲೆಕ್ಕ ಹಾಕುತ್ತವೆ. ಎದುರು ತಂಡದ ಅತಿ ದುರ್ಬಲ ಕಾವಲುಗಾರ ಯಾರನ್ನು ಕಾಯುತ್ತಿದ್ದಾನೋ ಅವನನ್ನೇ ಕರೆಯುತ್ತವೆ. 2016ರ ಅಂತಿಮ ಸರಣಿಯ ಏಳನೇ ಪಂದ್ಯ, 2015ರ ಅದೇ ಎರಡು ತಂಡಗಳು, ಅಂಕ 89-89, ಒಂದು ನಿಮಿಷವೂ ಉಳಿದಿಲ್ಲ. ಕ್ಯಾವಲಿಯರ್ಸ್‌ನ ಕೈರಿ ಇರ್ವಿಂಗ್ ಎದುರು ಕ್ಲೇ ಥಾಂಪ್ಸನ್ ಎಂಬ ಗಟ್ಟಿ ಕಾವಲುಗಾರ. ಕರ‍್ರಿ ಕಾಯುತ್ತಿದ್ದುದು ಜೆ.ಆರ್. ಸ್ಮಿತ್ ಎಂಬವರನ್ನು. ಸ್ಮಿತ್ ಬಂದು ಅಡ್ಡ ನಿಂತರು, ಜೋಡಿ ಬದಲಾಯಿತು, ಇರ್ವಿಂಗ್ ಮುಂದೆ ಕರ‍್ರಿ ಉಳಿದರು. ಇರ್ವಿಂಗ್ ಅವರ ತಲೆಯ ಮೇಲಿಂದ ಮೂರು ಅಂಕದ ಎಸೆತ ಹಾಕಿದರು. ಪಂದ್ಯ 93-89. ಒಂದು ವರ್ಷದ ಹಿಂದೆ ಎದುರಾಳಿಯ ಜೋಡಿ ಮುರಿದು ಗೆದ್ದವರು ಈ ಸಲ ತಮ್ಮ ಜೋಡಿ ಮುರಿಸಿಕೊಂಡು ಸೋತರು.

ಫೌಲ್‌ಗಳು ಈ ಎಲ್ಲ ಲೆಕ್ಕವನ್ನು ಕಲಕುತ್ತವೆ. ಫಿಬಾ ನಿಯಮದಲ್ಲಿ ಐದು ಫೌಲ್ ಆದವರು ಪಂದ್ಯದಿಂದ ಹೊರಗೆ. 15ನೇ ನಂಬರಿನವಳಿಗೆ ಮೊದಲಾರ್ಧದಲ್ಲೇ ಮೂರು ಫೌಲ್ ಆಯಿತೆನ್ನಿ, ಅವಳನ್ನು ಕೂರಿಸಬೇಕೇ? ಹೆಚ್ಚಿನ ತರಬೇತುದಾರರು ಕೂರಿಸುತ್ತಾರೆ. ಕೊನೆಗೆ ಅವಳು ಬೇಕು ಎಂಬ ಭಯ. ಆದರೆ ಮೊದಲಾರ್ಧದ ಎರಡು ಅಂಕಕ್ಕೂ ಕೊನೆಯ ನಿಮಿಷದ ಎರಡು ಅಂಕಕ್ಕೂ ಸ್ಕೋರ್ ಹಾಳೆಯಲ್ಲಿ ಒಂದೇ ಬೆಲೆ. ಅತಿಯಾಗಿ ಜೋಪಾನ ಮಾಡಿ, ನಾಲ್ಕನೇ ಫೌಲ್ ಆಗುವ ಮೊದಲೇ ಪಂದ್ಯ ಸೋತ ತಂಡಗಳ ಹಾಳೆಗಳನ್ನು ನಾನೇ ತುಂಬಿದ್ದೇನೆ. ಎದುರಾಳಿಗಳೂ ಸುಮ್ಮನಿರುವುದಿಲ್ಲ. ಮೂರು ಫೌಲ್ ಆದವಳು ಯಾರನ್ನು ಕಾಯುತ್ತಿದ್ದಾಳೋ ಅವಳ ಕೈಗೇ ಚೆಂಡು ಕೊಟ್ಟು ನುಗ್ಗಿಸುತ್ತಾರೆ. ಅದಕ್ಕೆ ಉತ್ತರವಾಗಿ ಅವಳನ್ನು ಕಡಿಮೆ ಅಪಾಯದ ಎದುರಾಳಿಗೆ ಜೋಡಿಸುವುದು ಕೂರಿಸುವುದಕ್ಕಿಂತ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ.

ಯಾವ ಐವರು ಒಟ್ಟಿಗೆ ಚೆನ್ನಾಗಿ ಆಡುತ್ತಾರೆ ಎಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಪ್ರತಿ ಬದಲಾವಣೆಯ ಹೊತ್ತಿಗೆ ಸಮಯವನ್ನೂ ಅಂಕವನ್ನೂ ಬರೆದಿಟ್ಟುಕೊಳ್ಳಿ. 14ನೇ ನಂಬರಿನವಳಿದ್ದ ಐವರು ಐದು ನಿಮಿಷದಲ್ಲಿ 6-12, ಅಂದರೆ ಮೈನಸ್ ಆರು. 9ನೇ ನಂಬರಿನವಳು ಬಂದ ಮೇಲೆ ಏಳು ನಿಮಿಷದಲ್ಲಿ 17-12, ಪ್ಲಸ್ ಐದು. ಇದನ್ನು ಪ್ಲಸ್-ಮೈನಸ್ ಎನ್ನುತ್ತಾರೆ. ಯಾರು ಎಷ್ಟು ಅಂಕ ಗಳಿಸಿದರು ಎಂಬ ಪಟ್ಟಿಯಲ್ಲಿ ಕಾಣದ ಸಂಗತಿ ಇದರಲ್ಲಿ ಕಾಣುತ್ತದೆ. ಆದರೆ ಒಂದು ಪಂದ್ಯದ ಪ್ಲಸ್-ಮೈನಸ್ ಹಿಡಿದು ಯಾರನ್ನೂ ಅಳೆಯಬಾರದು. ಎದುರಿನವರ ಒಳ್ಳೆಯ ಐವರ ಮುಂದೆ ಆಡಿದವರ ಸಂಖ್ಯೆಗೂ ಬೆಂಚಿನ ಐವರ ಮುಂದೆ ಆಡಿದವರ ಸಂಖ್ಯೆಗೂ ಹೋಲಿಕೆಯೇ ಇಲ್ಲ. ಹತ್ತು ಹನ್ನೆರಡು ಪಂದ್ಯಗಳ ಲೆಕ್ಕ ಕೂಡಿದಾಗ ಅದು ಮಾತಾಡಲು ಆರಂಭಿಸುತ್ತದೆ.

ನಮ್ಮ ಕಡೆಯ ತಂಡಗಳಿಗೆ ಎದುರಾಗುವ ಇನ್ನೊಂದು ತೊಡಕು ಪುಸ್ತಕದ ತಂತ್ರಗಳಲ್ಲಿ ಬರುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬೆಳಗಿನ ರೈಲು ಹಿಡಿದು ಬರುವ ತಂಡದಲ್ಲಿ ಪರೀಕ್ಷೆ, ಮನೆಯ ಕೆಲಸ, ಜ್ವರ ಎಂದು ನಾಲ್ವರು ಉಳಿದುಬಿಟ್ಟರೆ ಎಂಟೇ ಜನ. 792 ಸಂಯೋಜನೆಗಳು ಒಂದೇ ಏಟಿಗೆ 56ಕ್ಕೆ ಇಳಿಯುತ್ತವೆ. ಅಂಥ ತಂಡ ಝೋನ್ ಆಡುವುದನ್ನು ಕಂಡು ಸೋಮಾರಿತನವೆಂದು ಬೈಯುವವರಿದ್ದಾರೆ. ಎಂಟು ಜನರ ಉಸಿರನ್ನು ನಲವತ್ತು ನಿಮಿಷಕ್ಕೆ ಹಂಚುವ ಜಾಣತನವದು. ದಸರೆಯ ಹೊತ್ತಿನ ಮಳೆಯೂ ಅಷ್ಟೇ. ಬಯಲಿನ ಸಿಮೆಂಟ್ ಅಂಕಣ ಒದ್ದೆಯಾದರೆ ಚುರುಕಿನವರ ಕಾಲು ಜಾರುತ್ತದೆ, ದೂರದ ಗುರಿ ತಪ್ಪುತ್ತದೆ, ರಿಂಗ್ ಕೆಳಗೆ ನಿಂತ ಎತ್ತರದವಳ ಬೆಲೆ ಮತ್ತೆ ಏರುತ್ತದೆ.

ಕೊನೆಯ ಎರಡು ನಿಮಿಷಕ್ಕೆ ಬರೋಣ. ನಾಲ್ಕನೇ ಕ್ವಾರ್ಟರ್‌ನ ಈ ಅವಧಿಯಲ್ಲಿ ಚೆಂಡು ಬುಟ್ಟಿಗೆ ಬಿದ್ದ ಕೂಡಲೇ ಗಡಿಯಾರ ನಿಲ್ಲುತ್ತದೆ, ಅಂಕ ಬಿಟ್ಟುಕೊಟ್ಟ ತಂಡಕ್ಕೆ ಆಟಗಾರರನ್ನು ಬದಲಾಯಿಸುವ ಅವಕಾಶ ಸಿಗುತ್ತದೆ. ಬೇರೆ ಹೊತ್ತಿನಲ್ಲಿ ಅದಿಲ್ಲ. ದಾಳಿಗೆ ಒಬ್ಬಳು, ರಕ್ಷಣೆಗೆ ಇನ್ನೊಬ್ಬಳು ಎಂದು ಪ್ರತಿ ಸಲವೂ ಬದಲಾವಣೆ ಆರಂಭವಾಗುತ್ತದೆ. ಆ ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ಆಗಿದ್ದರೆ ರಕ್ಷಣೆಯಲ್ಲಿ ಮಾಡುವ ಮುಂದಿನ ಪ್ರತಿ ಫೌಲ್‌ಗೂ ಎರಡು ಫ್ರೀ ಥ್ರೋ. ಆದ್ದರಿಂದ ಮುನ್ನಡೆಯಲ್ಲಿರುವವರು ಫ್ರೀ ಥ್ರೋ ತಪ್ಪದವರನ್ನೇ ಒಳಗಿಡುತ್ತಾರೆ, ಹಿಂದಿರುವವರು ತಪ್ಪುವವಳನ್ನು ಹುಡುಕಿ ಫೌಲ್ ಮಾಡುತ್ತಾರೆ. ನಮ್ಮ ಮೇಜಿನ ಪಕ್ಕದ ಕುರ್ಚಿಗಳು ಒಂದು ಕ್ಷಣವೂ ಖಾಲಿ ಇರುವುದಿಲ್ಲ.

ಮಂಡ್ಯ 58, ಮೈಸೂರು 57. ನಾಲ್ಕು ಸೆಕೆಂಡು ಉಳಿದಿದೆ. ಚೆಂಡು ಮೈಸೂರಿನದು. ತರಬೇತುದಾರರು ಟೈಮ್‌ಔಟ್ ಕೇಳುತ್ತಾರೆ. ಈ ಹಂತದಲ್ಲಿ ಟೈಮ್‌ಔಟ್ ಪಡೆದ ತಂಡ ತನ್ನ ಅರ್ಧದಿಂದ ಚೆಂಡನ್ನು ತರಬೇಕಿಲ್ಲ, ಎದುರಿನ ಅರ್ಧದಲ್ಲೇ ಪಕ್ಕದ ಗೆರೆಯಿಂದ ಒಳಗೆ ಎಸೆಯಬಹುದು. ಮೂಲೆಯಲ್ಲಿರುವ 7ನೇ ನಂಬರಿನವಳಿಗೆ ಚೆಂಡು ತಲುಪಬೇಕು. ಎಸೆಯಲು 11ನೇ ನಂಬರಿನ ಕಣ್ಣುಳ್ಳ ಹುಡುಗಿ ಗೆರೆಯ ಹೊರಗೆ ನಿಲ್ಲುತ್ತಾಳೆ.

ಆಗ ಮಂಡ್ಯದ ಬೆಂಚಿನಿಂದ 15ನೇ ನಂಬರಿನವಳು ಎದ್ದು ಬರುತ್ತಾಳೆ. ನಾಲ್ಕು ಫೌಲ್ ಆಗಿದ್ದರಿಂದ ಅವಳನ್ನು ಕೂರಿಸಿದ್ದರು. ಬಜರ್ ಸದ್ದಾಗುತ್ತದೆ. ಒಳಗೆ ಬಂದವಳು ರಿಂಗ್ ಕಡೆಗೆ ಹೋಗುವುದಿಲ್ಲ, ನೇರವಾಗಿ 11ನೇ ನಂಬರಿನವಳ ಮುಂದೆ ಬಂದು ಎರಡೂ ಕೈ ಎತ್ತಿ ನಿಲ್ಲುತ್ತಾಳೆ. 5 ಅಡಿ 3 ಅಂಗುಲದ ಹುಡುಗಿಗೆ ಈಗ ಕಾಣುವುದು ಬರೀ ಕೈಗಳು. ಎಷ್ಟು ಒಳ್ಳೆಯ ಕಣ್ಣಿದ್ದರೂ ಕಾಣದ್ದನ್ನು ನೋಡಲಾಗದು.

ಚೆಂಡು ಇನ್ನೂ ರೆಫರಿಯ ಕೈಯಲ್ಲಿದೆ, ಆದ್ದರಿಂದ ಮೈಸೂರಿನವರಿಗೂ ಅವಕಾಶವಿದೆ. ತರಬೇತುದಾರರು ಬೆಂಚಿನತ್ತ ತಿರುಗುತ್ತಾರೆ. ಮೊದಲ ಕ್ವಾರ್ಟರ್‌ನ ಅರ್ಧದಲ್ಲಿ ಹೊರಗೆ ಬಂದ 14ನೇ ನಂಬರಿನವಳು ಆಗಲೇ ಎದ್ದು ನಿಂತಿದ್ದಾಳೆ. ಮೇಜಿನ ಬಳಿಗೆ ಓಡಿ ಬಂದು ಕೇಳುತ್ತಾಳೆ, ಬಜರ್ ಮತ್ತೆ ಸದ್ದಾಗುತ್ತದೆ. 11ನೇ ನಂಬರಿನವಳು ಹೊರಗೆ ಬರುತ್ತ ಅವಳ ಕಿವಿಯಲ್ಲಿ ಏನೋ ಹೇಳಿ ಮೂಲೆಯನ್ನು ತೋರಿಸುತ್ತಾಳೆ. 5 ಅಡಿ 9 ಅಂಗುಲದ ಹುಡುಗಿ ಗೆರೆಯ ಹೊರಗೆ ನಿಂತು ಚೆಂಡನ್ನು ತಲೆಯ ಮೇಲಕ್ಕೆ ಎತ್ತುತ್ತಾಳೆ. ಎಸೆಯಲು ಐದು ಸೆಕೆಂಡು ಮಾತ್ರ. ಒಮ್ಮೆ ಎಡಕ್ಕೆ ಎಸೆಯುವಂತೆ ತೋರಿಸುತ್ತಾಳೆ, ಮಂಡ್ಯದ ಹುಡುಗಿಯ ಕೈಗಳು ಅತ್ತ ವಾಲುತ್ತವೆ, ಚೆಂಡು ಬಲಕ್ಕೆ ಬೆರಳ ತುದಿಗಳ ಮೇಲಿಂದ ಹಾರುತ್ತದೆ. ಮೂಲೆಯಲ್ಲಿ 7ನೇ ನಂಬರಿನವಳು ಕೈ ಚಾಚಿದ್ದಾಳೆ. ಗಡಿಯಾರದಲ್ಲಿ ಇನ್ನೂ ನಾಲ್ಕೇ ಸೆಕೆಂಡು ಇದೆ; ಅಂಕಣದೊಳಗೆ ಯಾರಾದರೂ ಚೆಂಡನ್ನು ಮುಟ್ಟಿದ ಮೇಲೆಯೇ ಅದು ಓಡಲು ಆರಂಭಿಸುವುದು.